ಬಲ ಮಗ್ಗುಲಾದರೆ ಮಾತ್ರ

26 ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಸಂಬಳ ತಗೊಂಡವನು ನಾನು. ಕಂಡಕ್ಟರ್. ಅದರಲ್ಲಿ ಹೆಚ್ಚಿನ ವರ್ಷ ಚಾರ್ಮಾಡಿ ಘಾಟಿಯ ರೂಟು. ಹೆಗಲಿಗೆ ಚರ್ಮದ ಬ್ಯಾಗು, ಸೊಂಟವನ್ನು ಸೀಟಿಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ಆ ತಿರುವುಗಳನ್ನು ಇಳಿದವನಿಗೆ ಆಯ ತಪ್ಪುವುದು ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಅಂಥವನು ಮಂಚದ ಮೇಲೆ ಮಲಗಿದ್ದಲ್ಲೇ ಬಿದ್ದೆ. ಬೀಳಲು ಜಾಗವೇ ಇರಲಿಲ್ಲ, ಆದರೂ ಬಿದ್ದೆ.

ಕಳೆದ ವರ್ಷ ಜೂನ್ ತಿಂಗಳು. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಹೊಡೆಯಿತು. ಅದನ್ನು ಆರಿಸೋಣ ಅಂತ ಬಲ ಮಗ್ಗುಲಿಗೆ ಹೊರಳಿದೆ. ಒಂದೆರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಗೋಡೆ ಹೊರಟಿತು. ಗೋಡೆಯ ಜೊತೆ ಕಿಟಕಿ, ಕ್ಯಾಲೆಂಡರ್, ಮೊಳೆಗೆ ನೇತುಹಾಕಿದ್ದ ಯೂನಿಫಾರಂ, ಎಲ್ಲ ಒಂದೇ ಕಡೆ ಓಡುತ್ತಿವೆ. ಓಡಿ ಮುಗಿಯುವುದೇ ಇಲ್ಲ. ಮಂಚದ ಅಂಚನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದುಕೊಂಡೆ. ಹೆಂಡತಿ ಎದ್ದು ದೀಪ ಹಾಕುವಷ್ಟರಲ್ಲಿ ಎಲ್ಲ ನಿಂತಿತ್ತು. ಮೈಯೆಲ್ಲ ಬೆವರು. ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

"ರೀ, ಪಿತ್ತ ಜಾಸ್ತಿ ಆಗಿದೆ ನಿಮಗೆ. ಖಾಲಿ ಹೊಟ್ಟೇಲಿ ಎಷ್ಟು ಕಾಫಿ ಕುಡೀತೀರ!" ಅಂದಳು. ಜೀರಿಗೆ ಕಷಾಯ ಆಯಿತು, ನಿಂಬೆಹಣ್ಣಿನ ಪಾನಕ ಆಯಿತು. ಮಾರನೇ ದಿನ ಮತ್ತೆ ಅದೇ ಕತೆ.

ಮೊದಲು ಹೋದ ಕಡೆ ಬಿಪಿ ನೋಡಿದರು, ಸರಿ ಇತ್ತು. ಸಕ್ಕರೆ ನೋಡಿದರು, ಅದೂ ಸರಿ. ಶಕ್ತಿಗೆ ಅಂತ ಒಂದು ಡ್ರಿಪ್ ಹಾಕಿ ಕಳಿಸಿದರು. ಎರಡನೇ ಕಡೆ ಕುತ್ತಿಗೆಯ ಎಕ್ಸ್‌ರೇ ತೆಗೆದು, "ಮೂಳೆ ಸವೆದಿದೆ, ನಿಂತು ನಿಂತು ಹೀಗಾಗಿದೆ" ಅಂತ ಕೊರಳಿಗೊಂದು ಪಟ್ಟಿ ಕಟ್ಟಿದರು. ಐವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಅಷ್ಟಿಷ್ಟು ಸವೆದೇ ಇರುತ್ತಂತೆ. ಅದು ನನಗೆ ಆಮೇಲೆ ತಿಳಿದಿದ್ದು. ತಮಾಷೆ ಅಂದ್ರೆ, ಪಟ್ಟಿ ಕಟ್ಟಿದ ಮೇಲೆ ನಿಜವಾಗಿ ಕಡಿಮೆ ಆಯಿತು! ತಲೆ ಆಡಿಸಲು ಆಗದಿದ್ದರೆ ತಿರುಗುವುದಾದರೂ ಹೇಗೆ? ಜೊತೆಗೆ ಕೊಟ್ಟ ಮಾತ್ರೆಗೆ ಹಗಲೆಲ್ಲ ತೂಕಡಿಕೆ. ಒಂದು ದಿನ ಬಣಕಲ್ಲಿನಲ್ಲಿ ಇಳಿಯಬೇಕಿದ್ದ ಅಜ್ಜಿಯನ್ನು ಕೊಟ್ಟಿಗೆಹಾರದಲ್ಲಿ ಇಳಿಸಿ ಬೈಸಿಕೊಂಡೆ.

ಆರನೇ ವಾರದಲ್ಲಿ ಮಾನ ಹೋಯಿತು. ಟ್ರಿಪ್ ಮುಗಿದು, ಯಾರಾದರೂ ಏನಾದರೂ ಬಿಟ್ಟು ಹೋಗಿದ್ದಾರಾ ಅಂತ ಲಗೇಜ್ ಕ್ಯಾರಿಯರ್ ಕಡೆ ತಲೆ ಎತ್ತಿ, ಬಲಕ್ಕೆ ತಿರುಗಿ ನೋಡಿದೆ. ಅಷ್ಟೇ. ಸೀಟಿನ ಮೇಲೆ ಕುಕ್ಕರಿಸಿದೆ. ಕೆಳಗೆ ನಿಂತಿದ್ದವರಲ್ಲಿ ಒಬ್ಬ, "ಬೆಳಗ್ಗೆ ಬೆಳಗ್ಗೆನೇ ಹಾಕಿದ್ದಾನೆ ನೋಡು" ಅಂದಿದ್ದು ಕಿವಿಗೆ ಬಿತ್ತು. ಜೀವಮಾನದಲ್ಲಿ ಹನಿ ಮುಟ್ಟದವನು ನಾನು. ನನ್ನ ಡ್ರೈವರ್ ಅವನನ್ನು ದಬಾಯಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮಾರಾಯಾ, ಕಿವಿ ಡಾಕ್ಟರಿಗೆ ತೋರಿಸು. ನಮ್ಮ ಮಗಳು ಹೇಳ್ತಿರ್ತಾಳೆ, ತಲೆ ತಿರುಗೋದು ಕಿವಿಯಿಂದಾನೂ ಬರುತ್ತಂತೆ" ಅಂದರು. ಅವರ ಮಗಳು ಮೈಸೂರಿನಲ್ಲಿ ಆಡಿಯಾಲಜಿ, ಅಂದ್ರೆ ಕಿವಿ ಕೇಳುವಿಕೆಯ ವಿದ್ಯೆ, ಓದುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಕಿವಿ ಚೆನ್ನಾಗೇ ಕೇಳಿಸುತ್ತಲ್ಲ? ಆ ಕುಡುಕ ಅಂದವನ ಮಾತೂ ಕೇಳಿಸಿತ್ತಲ್ಲ?

ಆದರೂ ಹಾಸನದಲ್ಲಿ ಒಬ್ಬ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕೈಯಲ್ಲಿದ್ದ ಎಕ್ಸ್‌ರೇ ಕವರನ್ನು ಬಿಚ್ಚಲೇ ಇಲ್ಲ.

"ಏನಾಗುತ್ತೆ ಹೇಳಿ."

"ತಲೆಸುತ್ತು ಮೇಡಂ."

"ಆ ಒಂದು ಪದ ಬಿಟ್ಟು ಹೇಳಿ."

ನಾನು ತಬ್ಬಿಬ್ಬಾದೆ. ಬೇರೆ ಪದ ಎಲ್ಲಿಂದ ತರುವುದು? ಅವರೇ ಒಂದೊಂದಾಗಿ ಕೇಳುತ್ತಾ ಹೋದರು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ? ಇಲ್ಲ. ನಡೆಯುವಾಗ ಒಂದು ಕಡೆಗೆ ವಾಲುತ್ತಾ? ಹಾಗೇನಿಲ್ಲ. ತಲೆ ಹಗುರ ಆಗಿ ತೇಲಿದ ಹಾಗಾ, ಇಲ್ಲ ಎದುರಿಗಿರೋದು ತಿರುಗಿದ ಹಾಗಾ? ಗೋಡೆನೇ ತಿರುಗುತ್ತೆ ಮೇಡಂ. ಮಾತು ತೊದಲಿತ್ತಾ, ಒಂದು ಎರಡಾಗಿ ಕಂಡಿತ್ತಾ, ಕೈಕಾಲು ಸೋತಿತ್ತಾ? ಇಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಾ? ಇಲ್ಲ.

"ಎಷ್ಟು ಹೊತ್ತು ಇರುತ್ತೆ?"

"ಅರ್ಧ ಗಂಟೆ."

"ಗೋಡೆ ತಿರುಗೋದು ಅರ್ಧ ಗಂಟೆನಾ? ಆಮೇಲಿನ ಸಂಕಟ ಅರ್ಧ ಗಂಟೆನಾ?"

ಯೋಚಿಸಿದೆ. ನಾನು ಹೊತ್ತು ಅಳೆಯುವುದು ಸ್ಟಾಪಿನ ಲೆಕ್ಕದಲ್ಲಿ. ಹೋಲ್ಡಾನ್ ಹೇಳಿ, ನಾಲ್ಕು ಜನ ಇಳಿದು ಇಬ್ಬರು ಹತ್ತಿ, ರೈಟ್ ಅನ್ನುವಷ್ಟು ಹೊತ್ತು. "ಅರ್ಧ ನಿಮಿಷ ಇರಬಹುದು ಮೇಡಂ."

"ಯಾವ ಮಗ್ಗುಲಾದರೆ ಬರುತ್ತೆ?"

ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಹಿಂದೆ ಕೂತಿದ್ದ ಹೆಂಡತಿ ಬಾಯಿ ಹಾಕಿದಳು. "ಬಲಕ್ಕಾದರೆ ಮೇಡಂ. ಒಂದೂವರೆ ತಿಂಗಳಿಂದ ಇವರು ಗೋಡೆ ಕಡೆ ಮುಖ ಮಾಡಿ ಎಡಕ್ಕೇ ಮಲಗ್ತಿದ್ದಾರೆ." ಆಮೇಲೆ ಸಣ್ಣ ದನಿಯಲ್ಲಿ, "ನಾನು ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ" ಅಂದಳು.

ನನಗೇ ಗೊತ್ತಿಲ್ಲದೆ ನನ್ನ ಮೈ ಬಲ ಮಗ್ಗುಲನ್ನು ಬಿಟ್ಟುಬಿಟ್ಟಿತ್ತು! ಮೂರು ಕಡೆ ತಿರುಗಿದ್ದೆ, ಈ ಪ್ರಶ್ನೆ ಕೇಳಿದ್ದು ಇವರೊಬ್ಬರೇ. ನಾವೂ ಸುಮ್ನೆ "ತಲೆಸುತ್ತು" ಅಂತ ಒಂದು ಗಂಟು ಕಟ್ಟಿ ಕೊಟ್ಟುಬಿಡುತ್ತೇವೆ. ಹಸಿವಿಗೂ ಅದೇ, ಬಿಪಿಗೂ ಅದೇ, ಭಯಕ್ಕೂ ಅದೇ ಪದ. ಗಂಟು ಬಿಚ್ಚುವ ಪುರುಸೊತ್ತು ಇಲ್ಲದವರು ಗಂಟಿಗೇ ಔಷಧ ಬರೆಯುತ್ತಾರೆ.

ಡಾಕ್ಟರು ನನ್ನನ್ನು ಮಂಚದ ಮೇಲೆ ಕಾಲು ನೀಡಿ ಕೂರಿಸಿದರು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು 45 ಡಿಗ್ರಿ ಬಲಕ್ಕೆ ತಿರುಗಿಸಿದರು. "ಏನೇ ಆದರೂ ಕಣ್ಣು ಮುಚ್ಚಬೇಡಿ, ನಾನು ಹಿಡಿದಿದ್ದೀನಿ" ಅಂದವರೇ ಹಾಗೇ ಹಿಂದಕ್ಕೆ ಕೆಡವಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋತುಬಿತ್ತು. ಒಂದು, ಎರಡು, ಮೂರು. ಹೊರಟಿತು ಗೋಡೆ. ನಾನು ಅವರ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಹೆಂಡತಿಯನ್ನು ಕರೆದು, "ಬನ್ನಿ, ಇವರ ಕಣ್ಣು ನೋಡಿ, ಮೊಬೈಲಲ್ಲಿ ತೆಗೀರಿ" ಅಂದರು.

ಆ ವಿಡಿಯೋ ಈಗಲೂ ಇದೆ. ಕಣ್ಣುಗುಡ್ಡೆ ಬುಗುರಿಯ ಹಾಗೆ ಒಂದು ಕಡೆಗೆ ಜಗ್ಗಿ ಜಗ್ಗಿ ಹೊರಳುತ್ತದೆ, ಜೊತೆಗೆ ಮೇಲಕ್ಕೂ ಜಿಗಿಯುತ್ತದೆ. ಇಪ್ಪತ್ತು ಸೆಕೆಂಡಿಗೆ ನಿಧಾನವಾಗಿ ನಿಲ್ಲುತ್ತದೆ. ಗೋಡೆ ತಿರುಗುತ್ತಿಲ್ಲ, ಕಣ್ಣು ಓಡುತ್ತಿದೆ. ಈ ಪರೀಕ್ಷೆಗೆ ಡಿಕ್ಸ್–ಹಾಲ್‌ಪೈಕ್ ಅಂತ ಹೆಸರು. ಲಂಡನ್ನಿನ ಇಬ್ಬರು ಡಾಕ್ಟರು 1952ರಲ್ಲಿ ಬರೆದಿಟ್ಟದ್ದು. ಒಂದು ಮಂಚ ಮತ್ತು ಎರಡು ಕೈ ಸಾಕು.

ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಿವಿಯ ಒಳಗೆ, ಮೂಳೆಯ ನಡುವೆ, ಬಳೆಯ ತುಂಡಿನ ಹಾಗೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಮೂರೂ ಮೂರು ದಿಕ್ಕಿಗೆ, ಕೋಣೆಯ ಮೂಲೆಯಲ್ಲಿ ಎರಡು ಗೋಡೆಯೂ ನೆಲವೂ ಕೂಡುವ ಹಾಗೆ. ಒಳಗೆ ನೀರಿದೆ. ತಲೆ ತಿರುಗಿಸಿದರೆ ಕೊಳವೆ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ಬಸ್ಸು ಹೊರಟಾಗ ನಿಂತವರೆಲ್ಲ ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ. ಆ ನೀರಿನ ತಳ್ಳಾಟವನ್ನು ಅಲ್ಲಿರುವ ಕೂದಲಿನಂಥ ಎಳೆಗಳು ಮಿದುಳಿಗೆ ತಿಳಿಸುತ್ತವೆ. ಕೊಳವೆಗಳ ಬುಡದಲ್ಲಿ ಎರಡು ಚೀಲ. ಅಲ್ಲಿ ಅಂಟಿನ ಪದರದ ಮೇಲೆ ಸಣ್ಣ ಸಣ್ಣ ಹರಳುಗಳು ಕೂತಿವೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳುವುದು ಅವು. ಗಾರೆಯವರ ತೂಕದ ಗುಂಡಿನ ಕೆಲಸ. ಒಂದೊಂದು ಹರಳೂ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ವಯಸ್ಸಾದಂತೆ ಅಥವಾ ತಲೆಗೆ ಪೆಟ್ಟು ಬಿದ್ದರೆ ಕೆಲವು ಉದುರಿ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಮಲಗಿದಾಗ ಅವು ಕೊಳವೆಯಲ್ಲಿ ಜಾರುತ್ತವೆ, ನೀರನ್ನು ಎಳೆಯುತ್ತವೆ. ತಲೆ ನಿಂತಿದ್ದರೂ ಮಿದುಳಿಗೆ "ತಿರುಗುತ್ತಿದೆ" ಅಂತ ಸುದ್ದಿ ಹೋಗುತ್ತದೆ. ಹರಳು ತಳಕ್ಕೆ ಕೂತರೆ ಸುದ್ದಿ ನಿಲ್ಲುತ್ತದೆ. ಅದಕ್ಕೇ ಅರ್ಧ ನಿಮಿಷ.

"ಎಂಥ ಹರಳು ಮೇಡಂ?" ಅಂತ ಕೇಳಿದೆ.

"ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಇರುತ್ತಲ್ಲ, ಅದೇ."

ಹೆಂಡತಿ ನನ್ನ ಕಡೆ ತಿರುಗಿ, "ಎಲೆಗೆ ಅಷ್ಟು ಸುಣ್ಣ ಹಚ್ಚಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!" ಅಂದಳು. ಡಾಕ್ಟರು ನಗು ತಡೆದುಕೊಂಡು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಮನೆಯಲ್ಲಿ ಆ ಮಾತಿಗೆ ಇವತ್ತಿಗೂ ಬೆಲೆ ಸಿಕ್ಕಿಲ್ಲ.

ಚಿಕಿತ್ಸೆ ಅಂದ್ರೆ ಹೊರಳಾಟ ಅಷ್ಟೇ. ಬಲಕ್ಕೆ ಜೋತುಬಿದ್ದ ತಲೆಯನ್ನು ಹಾಗೇ ಹಿಡಿದು ಎಡಕ್ಕೆ ತಿರುಗಿಸಿದರು. ಒಂದು ನಿಮಿಷ. ಆಮೇಲೆ ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವ ಹಾಗೆ ಮಾಡಿದರು. ಇನ್ನೊಂದು ನಿಮಿಷ. ಅಲ್ಲಿಂದ ಪಕ್ಕಕ್ಕೆ ಎಬ್ಬಿಸಿ ಕೂರಿಸಿದರು. ಕೊಳವೆಯನ್ನು ಸುತ್ತ ತಿರುಗಿಸಿ ಹರಳನ್ನು ಬಂದ ದಾರಿಯಲ್ಲೇ ಚೀಲಕ್ಕೆ ಬೀಳಿಸುವುದು ಉಪಾಯ. ಮಕ್ಕಳ ಆಟಿಕೆಯಲ್ಲಿ ಗುಂಡನ್ನು ಗುಳಿಗೆ ಬೀಳಿಸುತ್ತಾರಲ್ಲ, ಅದೇ ಥರ. ಇದನ್ನು ಹುಡುಕಿದವರು ಅಮೆರಿಕದ ಪೋರ್ಟ್‌ಲೆಂಡಿನ ಜಾನ್ ಎಪ್ಲಿ. 1980ರ ಸುಮಾರಿಗೆ ಅವರು ಇದನ್ನು ಮುಂದಿಟ್ಟಾಗ ಜೊತೆಯ ಡಾಕ್ಟರುಗಳೇ ನಂಬಲಿಲ್ಲವಂತೆ. ತಲೆ ಹಿಡಿದು ಹೊರಳಿಸಿದರೆ ರೋಗ ಹೋಗುತ್ತೆ ಅಂದ್ರೆ ಯಾರು ನಂಬುತ್ತಾರೆ? 1992ರಲ್ಲಿ ಅವರ ದೊಡ್ಡ ಲೇಖನ ಬಂತು. ಅದೇ ವರ್ಷ ಕೆನಡಾದ ಇಬ್ಬರು ಡಾಕ್ಟರು ಆಪರೇಷನ್ ಮಾಡುವಾಗ ಕೊಳವೆಯೊಳಗೆ ಓಡಾಡುವ ಕಣಗಳನ್ನು ಕಣ್ಣಾರೆ ಕಂಡದ್ದನ್ನೂ ಬರೆದರು.

ಆ ರಾತ್ರಿ ಬಲ ಮಗ್ಗುಲಾಗಲು ಧೈರ್ಯ ಬರಲಿಲ್ಲ. ಮೂರನೇ ರಾತ್ರಿ ನಿದ್ದೆಯಲ್ಲಿ ತಾನಾಗೇ ಹೊರಳಿದ್ದೆ. ಎಚ್ಚರವಾದಾಗ ಹೆಂಡತಿಯ ಮುಖ ಎದುರಿಗಿತ್ತು, ಗೋಡೆ ಇದ್ದಲ್ಲೇ ಇತ್ತು. ಮುಂದಿನ ಒಂದು ವಾರ ಹತ್ತಿಯ ಮೇಲೆ ನಡೆದ ಹಾಗೆ ಅನಿಸುತ್ತಿತ್ತು. ಆಮೇಲೆ ಅದೂ ಹೋಯಿತು. ಮತ್ತೆ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಬಂದರೆ ಮತ್ತೆ ಹೊರಳುವುದು.

ಇಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಇಷ್ಟು ವರ್ಷ ಬಸ್ಸಿನಲ್ಲಿ ಕಂಡದ್ದೆಲ್ಲ ಬೇರೆ ಥರ ಕಾಣತೊಡಗಿತು. ಕೊಟ್ಟಿಗೆಹಾರ ದಾಟಿದ ಕೂಡಲೇ ಕವರ್ ಕೇಳುವವರು ಯಾರು? ಮೊಬೈಲ್ ನೋಡುತ್ತಾ ಕೂತವರು. ಕಣ್ಣು "ಕೂತಲ್ಲೇ ಇದ್ದೀನಿ" ಅನ್ನುತ್ತದೆ, ಕಿವಿ "ತಿರುಗ್ತಾ ಇದ್ದೀಯಲ್ಲೋ" ಅನ್ನುತ್ತದೆ. ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಮಂಜು ಮುಸುಕಿದ ದಿನ ವಾಂತಿ ಜಾಸ್ತಿ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೆ. ಹೊರಗೆ ನೋಡಲು ಏನೂ ಇಲ್ಲದಿದ್ದರೆ ಕಣ್ಣಿಗೆ ಸಾಕ್ಷಿಯೇ ಇಲ್ಲ. ಡ್ರೈವರಿಗೆ ಯಾಕೆ ವಾಂತಿ ಬರುವುದಿಲ್ಲ? ಮುಂದಿನ ತಿರುವನ್ನು ತಿರುಗಿಸುವವರೇ ಅವರು. ನಾನೂ ಹೊಸದರಲ್ಲಿ ತಲೆ ತಗ್ಗಿಸಿ ಟಿಕೆಟ್ ಹರಿಯುವಾಗ ಎರಡು ವಾರ ಒದ್ದಾಡಿದ್ದೆ. ಆಮೇಲೆ ಮೈ ಕಲಿತುಕೊಂಡಿತು.

ಡ್ರೈವರ ಮಗಳು ಊರಿಗೆ ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಒಂದು ಕತೆ ಹೇಳಿದಳು. 1950ರ ದಶಕದ ಕೊನೆಯಲ್ಲಿ, ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವ ಮೊದಲು, ಅಮೆರಿಕದ ನೌಕಾಪಡೆಯವರು ಮತ್ತು ನಾಸಾದವರು ಗ್ಯಾಲಡೆಟ್ ಕಾಲೇಜಿನಿಂದ ಕಿವಿ ಕೇಳದ 11 ಗಂಡಸರನ್ನು ಪರೀಕ್ಷೆಗೆ ಆರಿಸಿಕೊಂಡರು. ಅವರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮಿದುಳು ಜ್ವರ ಬಂದು ಕಿವಿಯ ಒಳಭಾಗವೇ ಹೋಗಿತ್ತು. ತಿರುಗುವ ಕೋಣೆಯಲ್ಲಿ ದಿನಗಟ್ಟಲೆ ಇಟ್ಟರು, ಏನೂ ಆಗಲಿಲ್ಲ. ಕೆನಡಾದ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅವರು ಕೂತು ಇಸ್ಪೀಟು ಆಡುತ್ತಿದ್ದರಂತೆ. ಪರೀಕ್ಷೆ ಮಾಡಲು ಹೋದವರೆಲ್ಲ ವಾಂತಿ ಮಾಡುತ್ತಾ ಮಲಗಿದ್ದರಂತೆ! ಅಂಥ 11 ಜನ ನನ್ನ ಬಸ್ಸಿಗೆ ಒಮ್ಮೆ ಹತ್ತಬಾರದಿತ್ತಾ ಅನಿಸಿತು.

"ಅಂಕಲ್, ನಮ್ಮ ಪ್ರಾಜೆಕ್ಟಿಗೆ ತಲೆಸುತ್ತು ಬಂದು ಹೋದವರು ಬೇಕು. ಬರ್ತೀರಾ?" ಅಂದಳು. ರಜೆ ಹಾಕಿ ಮೈಸೂರಿಗೆ ಹೋದೆ.

ಮೊದಲು ಒಂದು ಪ್ಲಾಸ್ಟಿಕ್ ಬಕೆಟ್ ತಂದು ಮುಖಕ್ಕೆ ಹಿಡಿದರು. ಬೇರೇನೂ ಕಾಣಬಾರದು ಅಂತ. ಒಳಗೆ ತಳದಲ್ಲಿ ಒಂದು ಗೆರೆ. ಹೊರಗೆ ತಳದ ಹಿಂದೆ ಶಾಲೆಯ ಕೋನಮಾಪಕ ಅಂಟಿಸಿ, ದಾರಕ್ಕೆ ತೂಕ ಕಟ್ಟಿದ್ದಾರೆ. ಅವಳು ಬಕೆಟ್ ತಿರುಗಿಸುತ್ತಾ ಹೋಗುತ್ತಾಳೆ, ಗೆರೆ ನೆಟ್ಟಗಾಯಿತು ಅನಿಸಿದಾಗ ನಾನು "ಹೋಲ್ಡಾನ್" ಅನ್ನಬೇಕು. ಹತ್ತು ಸಲ. ನೆಟ್ಟಗೆ ಅನ್ನುವುದನ್ನು ನಾವು ಕಣ್ಣಿನಿಂದ ತಿಳಿಯುತ್ತೇವೆ ಅಂದ್ಕೊಂಡಿದ್ದೆ. ಕತ್ತಲೆಯ ಬಕೆಟ್ಟಿನಲ್ಲಿ ಅದನ್ನು ಹೇಳುವುದು ಆ ಸುಣ್ಣದ ಹರಳುಗಳೇ. ಎರಡು, ಎರಡೂವರೆ ಡಿಗ್ರಿಯೊಳಗೆ ಇದ್ದರೆ ಸರಿ. ನನ್ನದು ಒಂದೂವರೆ. ಖುಷಿಯಾಯಿತು ನೋಡಿ, ಎಸ್‌ಎಸ್‌ಎಲ್‌ಸಿ ಪಾಸಾದಾಗ ಇಷ್ಟು ಆಗಿರಲಿಲ್ಲ.

ಆಮೇಲೆ ಕಣ್ಣು ಮುಚ್ಚಿ, ಕೈ ಮುಂದಕ್ಕೆ ಚಾಚಿ, ನಿಂತಲ್ಲೇ 50 ಹೆಜ್ಜೆ ಹಾಕಬೇಕು. ಬಾಗಿಲಿನ ಕಡೆ ಮುಖ ಮಾಡಿ ಶುರು ಮಾಡಿದವನು ಒಂದಿಷ್ಟೂ ಅಲುಗಾಡಲಿಲ್ಲ ಅಂದ್ಕೊಂಡು ಕಣ್ಣು ಬಿಟ್ಟೆ. ಎದುರಿಗೆ ಬೀರು! ಬಲಕ್ಕೆ ಮುಕ್ಕಾಲು ತಿರುವು ಆಗಿತ್ತು. ಫುಕುಡಾ ಅನ್ನುವ ಜಪಾನಿ ಡಾಕ್ಟರ ಹೆಸರಿನ ಪರೀಕ್ಷೆ. ಆರೋಗ್ಯವಂತರೂ ತಿರುಗುವುದುಂಟು, ಇದೊಂದನ್ನೇ ನಂಬುವ ಹಾಗಿಲ್ಲ ಅಂತ ಅವಳು ಸಮಾಧಾನ ಹೇಳಿದಳು.

ಕೊನೆಯದು ನೀರಿನ ಪರೀಕ್ಷೆ. ಅದರ ಕತೆ ನನಗೆ ತುಂಬ ಹಿಡಿಸಿತು. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಅನ್ನುವ ಡಾಕ್ಟರು ರೋಗಿಗಳ ಕಿವಿಯನ್ನು ನೀರು ಬಿಟ್ಟು ತೊಳೆಯುತ್ತಿದ್ದರು. ಒಬ್ಬ, ನೀರು ತಣ್ಣಗಿದೆ, ತಲೆ ತಿರುಗುತ್ತೆ ಅಂದ. ಇನ್ನೊಂದು ಸಲ ನೀರು ಬಿಸಿ ಜಾಸ್ತಿಯಾಯಿತು, ಆಗಲೂ ತಿರುಗಿತು. ಆದರೆ ಕಣ್ಣು ಈ ಸಲ ಎದುರು ದಿಕ್ಕಿಗೆ ಜಗ್ಗಿತು. ಬಾರಾನಿಗೆ ಬಚ್ಚಲ ಹಂಡೆ ನೆನಪಾಯಿತಂತೆ. ಬಿಸಿ ನೀರು ಮೇಲೇರುತ್ತದೆ, ತಣ್ಣೀರು ಇಳಿಯುತ್ತದೆ. ಕಿವಿಯೊಳಗಿನ ನೀರೂ ಹಾಗೇ ಹರಿಯುತ್ತದೆ ಅಂತ ಹೇಳಿದರು. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವರು ರಷ್ಯಾದ ಯುದ್ಧಕೈದಿಗಳ ಶಿಬಿರದಲ್ಲಿದ್ದರು. ತಮಾಷೆ ಇನ್ನೂ ಇದೆ. 1983ರಲ್ಲಿ ಬಾಹ್ಯಾಕಾಶದ ಪ್ರಯೋಗಾಲಯ ಸ್ಪೇಸ್‌ಲ್ಯಾಬಿನಲ್ಲಿ, ಬಿಸಿಯದ್ದು ಮೇಲೇರಲು ಮೇಲು-ಕೆಳಗೇ ಇಲ್ಲದ ಕಡೆ, ಇದೇ ಪರೀಕ್ಷೆ ಮಾಡಿದರು. ಅಲ್ಲೂ ಕಣ್ಣು ಓಡಿತು! ಹಂಡೆಯ ಲೆಕ್ಕ ಪೂರ್ತಿ ಅಲ್ಲ ಅಂತಾಯಿತು.

ನನ್ನನ್ನು ಮಲಗಿಸಿ ತಲೆಯನ್ನು ಸ್ವಲ್ಪ ಎತ್ತರಕ್ಕೆ ಇಟ್ಟರು. ಕಣ್ಣಿಗೆ ಕಪ್ಪು ಗಾಗಲ್ಸ್, ಅದರೊಳಗೆ ಕ್ಯಾಮೆರಾ. ಒಂದು ಸಲ 30 ಡಿಗ್ರಿ ನೀರು, ಒಂದು ಸಲ 44. ಮೈ ಬಿಸಿಗಿಂತ ಏಳು ಕಡಿಮೆ, ಏಳು ಜಾಸ್ತಿ. ಪ್ರತಿ ಕಿವಿಗೂ ಎರಡೆರಡು, ನಡುವೆ ಬಿಡುವು.

"ಅಂಕಲ್, ಸುಮ್ನೆ ಮಲಗಬಾರದು. ಮನಸ್ಸಿಗೆ ಕೆಲಸ ಇಲ್ಲದಿದ್ದರೆ ಕಣ್ಣು ಸರಿಯಾಗಿ ಆಡಲ್ಲ. ಏನಾದರೂ ಹೆಸರು ಹೇಳ್ತಾ ಹೋಗಿ. ಹಣ್ಣು, ಊರು, ಏನಾದರೂ."

"ಊರು ಹೇಳ್ತೀನಮ್ಮ" ಅಂದೆ. ಬಲಗಿವಿಗೆ ತಣ್ಣೀರು ಬಿಟ್ಟರು. "ಚಿಕ್ಕಮಗಳೂರು" ಅಂದೆ. "ಆಲ್ದೂರು." ಇನ್ನೂ ಏನೂ ಇಲ್ಲ. "ಮೂಡಿಗೆರೆ." ಕತ್ತಲೆಯಲ್ಲಿ ಮಂಚ ಸಣ್ಣಗೆ ಎಡಕ್ಕೆ ಜರುಗಿತು. "ಬಣಕಲ್. ಕೊಟ್ಟಿಗೆಹಾರ." ಈಗ ಬಸ್ಸು ಎಡಕ್ಕೆ ತಿರುಗಿತು. ತಿರುಗಿದ್ದು ನೇರ ಆಗಬೇಕಲ್ಲ, ಆಗಲಿಲ್ಲ. ಅದೇ ತಿರುವು, ಎಡಕ್ಕೆ, ಇನ್ನೂ ಎಡಕ್ಕೆ. ಘಾಟಿಯಲ್ಲಿ ಅಂಥ ತಿರುವು ಇಲ್ಲ, ಇದ್ದಿದ್ದರೆ ಹೊರಟ ಜಾಗಕ್ಕೇ ಮೂರು ಸಲ ಬಂದಿರುತ್ತಿದ್ದೆವು. ಕೈ ತಾನಾಗಿ ಮೇಲಕ್ಕೆ ಹೋಗಿ ಕಂಬಿ ಹುಡುಕಿತು. ಯಾರೋ ಆ ಕೈ ಹಿಡಿದುಕೊಂಡರು.

"ನಿಲ್ಲಿಸಬೇಡಿ ಅಂಕಲ್, ಹೇಳಿ. ಕೊಟ್ಟಿಗೆಹಾರ ಆದ ಮೇಲೆ?"

"ಚಾರ್ಮಾಡಿ."

"ಮುಂದೆ?"

ಇಷ್ಟು ವರ್ಷ ದಿನಾ ಕೂಗಿದ ಸ್ಟೇಜು ಬಾಯಿಗೆ ಬರಲಿಲ್ಲ. ಗಾಗಲ್ಸಿನ ಒಳಗೆ ಒಂದು ಪುಟ್ಟ ಬೆಳಕು ಹತ್ತಿತು. "ಅದನ್ನೇ ನೋಡಿ" ಅಂದಳು. ನೋಡಿದೆ. ಬಸ್ಸು ನಿಧಾನವಾಯಿತು.

"ಕಕ್ಕಿಂಜೆ" ಅಂದೆ.